ಲಗ್ನಪತ್ರಿಕೆಯ ಹಳೇ ಪ್ರತಿ

ಗೆಳೆಯರೇ, ಇವತ್ತು ಮಾಗಡಿಯ ನನ್ನ ಡಿಟಿಪಿ ಅಂಗಡಿಯಲ್ಲಿ ಕಲ್ಯ ಊರಿನ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುವುದೊಂದು ಬಾಕಿ. ಅಣ್ಣನ ಮಗಳ ಮದುವೆ. ಬೆಳಿಗ್ಗೆ ಜಗಳವಾಡಿಕೊಂಡು ಬಂದ ಅಣ್ಣ ಲಗ್ನಪತ್ರಿಕೆಯಿಂದ ತಮ್ಮನ ಹೆಸರು ತೆಗೆಸಿದ್ದ. ಮಧ್ಯಾಹ್ನ ರಾಜಿಯಾಗಿ ಇಬ್ಬರೂ ಬಂದರು. "ಹಳೇದ್ನೇ ಹಾಕಪ್ಪ."

ಬ್ಯಾಕಪ್ ತೆರೆದೆ. ಹಳೆಯವು ಎರಡಿದ್ದವು. ಸೋಮವಾರದ್ದರಲ್ಲಿ ತಮ್ಮನ ಹೆಸರು ಅಣ್ಣನ ಪಕ್ಕದಲ್ಲಿ, ಮಂಗಳವಾರದ್ದರಲ್ಲಿ ಕೆಳಗೆ, ಸಣ್ಣ ಅಕ್ಷರದಲ್ಲಿ.

"ಸೋಮವಾರದ್ದು ತಗಿ" ಎಂದ ತಮ್ಮ.

"ಮಂಗಳ್ವಾರದ್ದು! ಸೋಮ್ವಾರದ್ನ ಮುಟ್ಟುದ್ರೆ ನೋಡು!" ಮೌಸ್ ಹಿಡಿದ ನನ್ನ ಕೈಯನ್ನೇ ಅಣ್ಣ ಅದುಮಿದ.

ಜೊತೆಗೆ ಬಂದಿದ್ದ ಅಣ್ಣನ ಹೆಂಡತಿ ಬಗ್ಗಿ ನೋಡಿದರು. "ಎಲ್ಡ್ರಲ್ಲೂ ಬರೀ 'ಶ್ರೀಮತಿ ಮತ್ತು' ಅಂತ ಇವ್ರ ಹೆಸ್ರೈತೆ. ನನ್ ಹೆಸ್ರೆಲ್ಲಪ್ಪ?"

ಯಾವುದರಲ್ಲೂ ಇರಲಿಲ್ಲ. "ಈಗ ಸೇರಿಸ್ತೀನಿ, ಹೇಳಿ ತಾಯಿ" ಎಂದೆ.

"ಅದ್ಯಾಕ್ ಬುಡು!" ಅಣ್ಣತಮ್ಮಂದಿರು ಒಟ್ಟಿಗೇ ಅಂದರು.

ರಾಜಿ ನಿಜವಾಗಿ ಆದದ್ದು ಆಗಲೇ ನೋಡಿ.