ಸೊನ್ನೆಯನ್ನು ನಂಬದವರು

ಡೊಂಬಿವಲಿಯ ನಮ್ಮ ಕಂಪನಿಯಲ್ಲಿ ಗ್ಯಾಸ್ ಪತ್ತೆಹಚ್ಚುವ ಮೀಟರುಗಳನ್ನು ವಿನ್ಯಾಸ ಮಾಡುತ್ತಿದ್ದವರು ಉಡುಪಿ ಕಡೆಯ ಒಬ್ಬ ಎಂಜಿನಿಯರು. ಯಾವ ಮೀಟರು ಗ್ಯಾಸ್ ಇಲ್ಲವೆಂದು ಸೊನ್ನೆ ತೋರಿಸಿದರೂ ಅದರ ಬೆನ್ನಿಗೆ ಬೆರಳಿನಿಂದ ಎರಡು ಸಲ ತಟ್ಟಿ, "ಸೊನ್ನೆಯನ್ನು ನಂಬಬೇಡಿ ಮಾರಾಯ್ರೆ" ಎನ್ನುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು.

ದಸರೆಯ ಮರುದಿನ ಅವರೂ ನಾನೂ ಒಂದು ಕೆಮಿಕಲ್ ಕಾರ್ಖಾನೆಗೆ ಹೋಗಿದ್ದೆವು. ತೊಳೆಯಬೇಕಿದ್ದ ಟ್ಯಾಂಕಿನೊಳಗೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದ ನಮ್ಮ ಮೀಟರು ಸೊನ್ನೆ ತೋರಿಸುತ್ತಿತ್ತು. ಕಲಬುರಗಿಯ ಕೆಲಸಗಾರನೊಬ್ಬ ಒಳಗಿಳಿಯಲು ಏಣಿಯ ಮೇಲೆ ಕಾಲಿಟ್ಟ.

"ನಿಲ್ಲು ಮಾರಾಯ!"

ಇವರು ಅವನ ಕಾಲರನ್ನೇ ಹಿಡಿದು ಎಳೆದರು. ಹಗ್ಗ ಜಗ್ಗಿ ಮೀಟರನ್ನು ತಿರುಗಿಸಿ ನೋಡಿದರು. ಗ್ಯಾಸ್ ಒಳಹೋಗುವ ಜಾಲರಿಯ ತುಂಬ ಒಣಗಿದ ಕುಂಕುಮ.

"ನಿನ್ನೆ ಪೂಜಾ ಮಾಡೀನ್ರಿ ಸಾಹೇಬ್ರ," ಎಂದ ಕೆಲಸಗಾರ. "ಇದೇ ನಮ್ಮ ಜೀವಾ ಕಾಯ್ತದಲ್ರಿ."

ಇವರು ಜಾಲರಿ ಬದಲಿಸಿ ಮತ್ತೆ ಇಳಿಬಿಟ್ಟರು. ಅಲಾರಂ ಚೀರಿಕೊಂಡಿತು. ಕೆಲಸಗಾರ ಏಣಿಯನ್ನು ಟ್ಯಾಂಕಿನಿಂದ ಮೇಲಕ್ಕೆಳೆದುಕೊಂಡ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

ಅವರ ಮುಂದಿನ ಮೀಟರಿನ ನಕ್ಷೆಯಲ್ಲಿ, ಜಾಲರಿಯಿಂದ ದೂರ, ಮುಚ್ಚಳದ ಮೇಲೆ ಬೆರಳ ತುದಿಯಷ್ಟು ಒಂದು ಗುಳಿ ಇತ್ತು. ಇದು ಯಾತಕ್ಕೆ ಎಂದು ಕೇಳಿದೆ.

ಅದರ ಮೇಲೆ ಎರಡು ಸಲ ತಟ್ಟಿ, "ಕುಂಕುಮ ಇಡ್ಲಿಕ್ಕೆ" ಎಂದರು.