ತಾರಸಿಗೆ ಬಂದ ಚೋರೆಗಳು

ಲಷ್ಕರ್ ಮೊಹಲ್ಲಾದ ಆ ಸಣ್ಣ ಬೀದಿಯಲ್ಲಿ ಯಶೋಧಾಗೊಂದು ಹೆಸರು ಬಂದದ್ದು ಹಕ್ಕಿಗಳಿಂದ. ನಂಜನಗೂಡಿನ ಕಡೆಯ ಹಳ್ಳಿಯಿಂದ ಗಂಡ ಪ್ರೇಮ್‌ಕುಮಾರನ ಜೊತೆ ಬಂದು ಮೂರನೇ ಮಹಡಿಯ ಮೇಲಿನ ತಾರಸಿ ಮನೆ ಹಿಡಿದ ಹೊಸತರಲ್ಲಿ ಅವಳನ್ನು ಮಾತನಾಡಿಸುವವರೇ ಕಡಿಮೆಯಿದ್ದರು. ರವಿಕೆ ಹೊಲಿಸಲು ಬಂದ ಹೆಂಗಸರು ಯಾವೂರು, ಯಾವ ಜನ ಎಂದು ವಿಚಾರಿಸುತ್ತಿದ್ದರು. ಉತ್ತರ ಸಿಕ್ಕ ಮೇಲೆ, ಕೊಟ್ಟ ನೀರನ್ನು ಬೇಡವೆಂದು ಹೊಸ್ತಿಲಿನಿಂದಲೇ ಇಳಿದು ಹೋಗುತ್ತಿದ್ದರು. ಪ್ರೇಮ್‌ಕುಮಾರ ಆಟೋ ತೆಗೆದುಕೊಂಡು ಹೊರಟರೆ ಸಂಜೆಯವರೆಗೂ ಅವಳಿಗೆ ಹೊಲಿಗೆ ಮಿಷನ್ನೇ ಜೊತೆ.

ಹಾಗಿರುವಾಗ ಎದುರಿನ ಹಳೆಯ ಮನೆಯನ್ನು ಕೆಡವಿದರು. ಅದರ ಹಿತ್ತಲಿನ ಬೇವಿನ ಮರವನ್ನೂ ಉರುಳಿಸಿದರು. ಆ ಮರದಲ್ಲಿದ್ದ ಚೋರೆ ಹಕ್ಕಿಗಳು, ಕತ್ತಿನ ಮೇಲೆ ಎಳ್ಳು ಚೆಲ್ಲಿದಂಥ ಚುಕ್ಕೆಗಳಿರುವವು, ಅಂದು ದಿನವಿಡೀ ಕರೆಂಟಿನ ತಂತಿಯ ಮೇಲೆ ಬಿಸಿಲಲ್ಲಿ ಕೂತಿದ್ದವು. ನೋಡಲಾರದೆ ಯಶೋಧಾ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ಪಕ್ಕದಲ್ಲಿ ಒಂದು ಹಿಡಿ ನುಚ್ಚಕ್ಕಿ ಚೆಲ್ಲಿದಳು. ವಾರದೊಳಗೆ ಅವು ಅವಳ ಕಾಲ ಬಳಿಯೇ ಮೇಯತೊಡಗಿದವು.

ಮಕ್ಕಳು ನೋಡಲು ಬಂದರು. ಅವರ ಹಿಂದೆ ಅಮ್ಮಂದಿರು ಬಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಮಾತು ಕೇಳಿ ಬೀದಿಯ ಹೆಚ್ಚಿನ ಮನೆಗಳವರು ತಮ್ಮ ತಾರಸಿಗಳಲ್ಲಿ ನೀರು, ಕಾಳು ಇಡತೊಡಗಿದ್ದರು. ಕೆಳಗಿನ ಮನೆಯ ಬೋರಮ್ಮ, ಪ್ರಾಯದ ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡವರು, ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು ಹಕ್ಕಿಗಳನ್ನು ನೋಡುತ್ತಾ ಯಶೋಧಾ ಕೊಟ್ಟ ಕಾಫಿ ಕುಡಿದರು. ಆ ಬೀದಿಯಲ್ಲಿ ಅವಳ ಮನೆಯ ಲೋಟಕ್ಕೆ ಬಾಯಿಟ್ಟವರಲ್ಲಿ ಅವರೇ ಮೊದಲಿಗರು. ಆಮೇಲೆ ಎಲ್ಲರೂ ಅವಳನ್ನು ಹಕ್ಕಿ ಯಶೋಧಮ್ಮ ಎಂದೇ ಕರೆದರು.

ಮರವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅದರ ಸಜ್ಜಾಗಳ ಮೇಲೂ ಏಸಿ ಡಬ್ಬಿಗಳ ಸಂದಿಯಲ್ಲೂ ಪಾರಿವಾಳಗಳು ಸೇರಿಕೊಂಡವು. ಅವೂ ಹಿಂಡು ಹಿಂಡಾಗಿ ಬಂದು ಚೋರೆಗಳ ಬೋಗುಣಿಗೇ ಮುತ್ತಿದವು. ಯಶೋಧಾ ನುಚ್ಚು ಹೆಚ್ಚಿಸಿದಳು.

ಮುಂದಿನ ಬೇಸಿಗೆಯಲ್ಲಿ ಒಂದು ಚೋರೆ ಪುಕ್ಕ ಉಬ್ಬಿಸಿಕೊಂಡು ಗೋಡೆಯ ಮೂಲೆಯಲ್ಲಿ ಕೂತಿತ್ತು. ಕಾಳು ಹೆಕ್ಕುತ್ತಿತ್ತು, ನುಂಗಲಾರದೆ ಬೀಳಿಸುತ್ತಿತ್ತು. ಹಸಿವಿಗೆ ಸೋತಿದೆಯೆಂದುಕೊಂಡು ಅವಳು ಅಕ್ಕಿ ನೆನೆಸಿ ಕೊಟ್ಟಳು. ಅದೂ ಇಳಿಯಲಿಲ್ಲ. ಕೊಕ್ಕು ಬಿಡಿಸಿ ನೋಡಿದರೆ ಗಂಟಲ ತುಂಬ ಒಡೆದ ಹಾಲಿನಂಥ ಹಳದಿ ಗಡ್ಡೆ, ಕೆಟ್ಟ ವಾಸನೆ. ಮಧ್ಯಾಹ್ನ ಅವಳ ಅಂಗೈಯಲ್ಲೇ ಸತ್ತಿತು. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೆ ನರಳುತ್ತಿದ್ದ ಒಂದನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಗಂಡನ ಆಟೋದಲ್ಲಿ ಪಶುವೈದ್ಯೆ ಅನುಪಮಾ ಅವರ ಬಳಿಗೆ ಹೋದಳು.

ಅನುಪಮಾ ಗಂಟಲನ್ನು ನೋಡಿ, ಏನೇನು ಹಾಕುತ್ತೀರಿ, ಯಾವ ಯಾವ ಹಕ್ಕಿ ಬರುತ್ತವೆ ಎಂದು ಕೇಳಿ ತಿಳಿದುಕೊಂಡರು.

"ಈ ರೋಗ ಪಾರಿವಾಳದ ಗಂಟಲಲ್ಲಿ ಇರುತ್ತೆ. ಎಷ್ಟೋ ಸಲ ಅವಕ್ಕೆ ಏನೂ ಆಗಲ್ಲ. ಅದೇ ನೀರು ಕುಡಿದ ಚೋರೆಗೆ ಅಂಟ್ಕೊಳುತ್ತೆ. ಮರ, ಬಯಲು ಇದ್ದಾಗ ಚದುರಿ ಮೇಯ್ಕೊಂಡಿದ್ವು. ಈಗ ಎಲ್ಲಾ ಒಂದೇ ಬೋಗುಣೀಗೆ ಬರ್ತವೆ."

"ಅಂದ್ರೆ ನಾನಿಟ್ಟ ನೀರಿಂದ್ಲೇನಾ ಡಾಕ್ಟ್ರೇ?"

ಅನುಪಮಾ ಡಬ್ಬಿಯ ಮುಚ್ಚಳ ಮುಚ್ಚಿದರು. "ನೀವು ಒಳ್ಳೇದಕ್ಕೇ ಇಟ್ಟಿದ್ದು. ಆದ್ರೆ ಈಗ ನಿಲ್ಲಿಸ್ಬೇಕು ಕಣಮ್ಮ. ಬೀದಿಯವ್ರೆಲ್ಲಾ ನಿಲ್ಲಿಸ್ಬೇಕು."

ಡಬ್ಬಿಯಲ್ಲಿದ್ದ ಹಕ್ಕಿ ಮನೆ ಮುಟ್ಟುವ ಮುಂಚೆಯೇ ಸತ್ತಿತ್ತು. ಯಶೋಧಾ ಬೋಗುಣಿಯನ್ನು ಕುದಿನೀರಿನಲ್ಲಿ ತೊಳೆದು ಕವುಚಿಟ್ಟಳು. ಬೆಳಗ್ಗೆ ಹಕ್ಕಿಗಳು ಎಂದಿನಂತೆ ಇಳಿದು, ಬರಿ ನೆಲವನ್ನು ಕುಕ್ಕಿ, ಬಾಗಿಲ ಕಡೆ ನೋಡುತ್ತಾ ನಿಂತವು. ಅವಳು ಬಾಗಿಲು ಹಾಕಿಕೊಂಡು ಮಿಷನ್ ತುಳಿದಳು.

ಕಷ್ಟವಾದದ್ದು ಮನೆಮನೆಗೆ ಹೋಗಿ ಹೇಳುವುದು. ಇಡಿ ಎಂದವಳೂ ನೀನೇ, ಬೇಡ ಎನ್ನುವವಳೂ ನೀನೇ ಎಂದು ಕೆಲವರು ನಕ್ಕರು. ನಿನ್ನ ಹಕ್ಕಿ ರೋಗ ನಮ್ಮ ಮಕ್ಕಳಿಗೆ ಬಂದರೆ ಗತಿಯೇನು ಎಂದು ಒಬ್ಬರು ರೇಗಿದರು. ಮನುಷ್ಯರಿಗೆ ಬರುವುದಿಲ್ಲವಂತೆ ಎಂದು ಡಾಕ್ಟರ ಮಾತನ್ನೇ ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೂ ವಾಪಸ್ ತರಿಸಿಕೊಂಡರು. ಬೋಗುಣಿಗಳು ಒಂದೊಂದಾಗಿ ಖಾಲಿಯಾದವು. ಒಪ್ಪದೆ ಉಳಿದವರು ಬೋರಮ್ಮ ಒಬ್ಬರೇ.

"ಮಗ ಹೋದ್ಮೇಲೆ ನನ್ ಮನೇಗೆ ದಿನಾ ಬರೋದು ಅವೇ ಕಣವ್ವ," ಎಂದರು. "ಅವಕ್ಕೂ ಬರ್ಬ್ಯಾಡಿ ಅಂತ ಎಂಗೆ ಏಳ್ಲಿ?"

ಯಶೋಧಾ ಮೆಟ್ಟಿಲು ಹತ್ತಿಕೊಂಡು ಮನೆಗೆ ಬಂದಳು. ಬೀದಿಯ ಹಕ್ಕಿಗಳೆಲ್ಲ ಬೋರಮ್ಮನ ಬಾಲ್ಕನಿಗೇ ಬಂದು ಸೇರಿದವು. ಬೋರಮ್ಮ ಮೇಲೆ ಬರುವುದನ್ನು ಬಿಟ್ಟರು.

ಮುಂಗಾರಿಗೆ ಮುಂಚಿನ ಒಂದು ಸಂಜೆ ಅವರು ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಸತ್ತ ಚೋರೆ ಇತ್ತು, ಜೊತೆಗೆ ಪುಕ್ಕ ಬಲಿಯದ ಅದರ ಮರಿ, ಅದೂ ಸತ್ತದ್ದೇ.

"ಮಣ್ಣು ಮಾಡ್ಬೇಕು ಕಣವ್ವ. ಕಸದ ಗಾಡಿಗೆ ಹಾಕಕ್ಕೆ ಮನಸ್ಸು ಬರ್ನಿಲ್ಲ."

ಬೀದಿಯಲ್ಲಿ ಗೇಣಗಲ ಮಣ್ಣೂ ಇರಲಿಲ್ಲ, ಎಲ್ಲೆಲ್ಲೂ ಕಾಂಕ್ರೀಟು. ಪ್ರೇಮ್‌ಕುಮಾರ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ರಿಂಗ್ ರೋಡಿನಾಚೆಯ ಹೊಸ ಬಡಾವಣೆಯವರೆಗೆ ಹೋದ. ಸೈಟುಗಳ ಕಲ್ಲು ನೆಟ್ಟಿದ್ದ ಖಾಲಿ ಜಾಗದ ಅಂಚಿನಲ್ಲಿ ಯಶೋಧಾ ಕಬ್ಬಿಣದ ಸರಳಿನಿಂದ ಗುಂಡಿ ತೋಡಿದಳು. ಬೋರಮ್ಮ ಎರಡನ್ನೂ ಒಟ್ಟಿಗೆ ಮಲಗಿಸಿ ಮಣ್ಣೆಳೆದರು. ಯಾರೂ ಅಳಲಿಲ್ಲ.

ಮಾರನೆಯ ದಿನ ಬೋರಮ್ಮನ ಬಾಲ್ಕನಿಯಲ್ಲೂ ನೀರಿರಲಿಲ್ಲ. ಮಳೆ ಹಿಡಿಯಿತು. ಚೋರೆಗಳು ಆಮೇಲೆ ಆ ಬೀದಿಯಲ್ಲಿ ಕಾಣಲಿಲ್ಲ. ಉಳಿದವು ಬೇರೆಡೆಗೆ ಹೋದವೋ, ಉಳಿದದ್ದೇ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಶೋಧಾಗೆ ಈಗ ಹೊಲಿಗೆಯೂ ಅಷ್ಟಕ್ಕಷ್ಟೇ. ಮೆಟ್ಟಿಲಲ್ಲಿ ಎದುರಾದರೆ ಬೋರಮ್ಮ ಊಟ ಆಯ್ತಾ ಎಂದು ಕೇಳುತ್ತಾರೆ. ಆಯ್ತು ಎಂದು ಇವಳು ಹತ್ತಿಕೊಂಡು ಹೋಗುತ್ತಾಳೆ.