ನಿಂಬೆಹಣ್ಣಿನ ತಪ್ಪಲ್ಲ ಎಂದವರು

ಎಡಗೈ ಹೆಬ್ಬೆರಳಿನಿಂದ ನನ್ನ ಕೆಳದುಟಿಯನ್ನು ಒತ್ತಿ ಹಿಡಿದು ಅವರು ಬಗ್ಗಿದಾಗ, ಕೂತಿದ್ದ ಗಾಲಿಯ ಸ್ಟೂಲು ಕಿರ್ ಎಂದಿತು. ಆ ಪುಟ್ಟ ಸ್ಟೂಲು ಅವರ ಕೆಳಗೆ ಕಾಣುತ್ತಲೇ ಇರಲಿಲ್ಲ. ಹೆಬ್ಬೆರಳು ಮಾತ್ರ ಹಗುರ, ಅದಕ್ಕೆ ಲವಂಗದೆಣ್ಣೆಯ ವಾಸನೆ. ನಾನು ದಪ್ಪ, ಅವರು ನನಗಿಂತ ದಪ್ಪ. ಬಾಯಿ ತೆರೆದುಕೊಂಡು ಮಲಗಿದ್ದ ನನಗೆ ಮೊದಲು ಬಂದ ಯೋಚನೆ ‘ಸದ್ಯ, ನನಗಿಂತ ದೊಡ್ಡವರೊಬ್ಬರು ಸಿಕ್ಕರಲ್ಲ’ ಎಂಬುದು. ಅಂಥ ಮನುಷ್ಯಳಾಗಿದ್ದೆ ನಾನು. ಯಾವ ಕೋಣೆಗೆ ಹೊಕ್ಕರೂ ಮೊದಲು ಅದನ್ನೇ ನೋಡುತ್ತಿದ್ದೆ.

ಅವರು ಹಲ್ಲಿನ ಡಾಕ್ಟರು. ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಮನೆ ಬಸವನ ಬಾಗೇವಾಡಿಯಲ್ಲಿ. ಸೋಮವಾರ ನಮ್ಮ ಇಂಡಿ, ಬುಧವಾರ ಸಿಂದಗಿ, ಶುಕ್ರವಾರ ಮುದ್ದೇಬಿಹಾಳ, ಉಳಿದ ದಿನ ಬಾಗೇವಾಡಿ. ಎಲ್ಲ ಕಡೆ ಬಾಡಿಗೆಯ ಒಂದು ಕೋಣೆ, ಒಂದು ಕುರ್ಚಿ. ಓಡಾಟವೆಲ್ಲ ಬಸ್ಸಿನಲ್ಲೇ, ಸಾಮಾನಿನ ಚೀಲ ತೊಡೆಯ ಮೇಲೆ, ಊಟದ ಡಬ್ಬಿ ಅದರ ಮೇಲೆ. ಪಕ್ಕದವರು ಜಾಗ ಸಾಲದೆಂದು ಗೊಣಗಿದರೆ “ಹೌದ್ರಿ, ಸೀಟು ಸಣ್ಣವು ಮಾಡ್ಯಾರ” ಎಂದು ಕಿಟಕಿಯ ಕಡೆ ಸರಿಯುತ್ತಿದ್ದರು.

ಅವರ ಒಂದು ಅಭ್ಯಾಸ ನನ್ನ ಮೈ ಉರಿಸುತ್ತಿತ್ತು. ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಕಾಯುತ್ತಿದ್ದವರ ಎದುರಿಗೇ ಡಬ್ಬಿ ಬಿಚ್ಚಿ ಉಣ್ಣಲು ಕೂರುವರು. ಪರದೆ ಎಳೆಯುವುದೂ ಇಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಯಾರಾದರೂ ಅವಸರ ಮಾಡಿದರೆ, “ಹಸಕೊಂಡು ಹಲ್ಲ ಕಿತ್ರ ಕೈ ನಡುಗತೈತ್ರಿ. ಕೂಡ್ರಿ” ಎನ್ನುವರು. ದಪ್ಪ ಹೆಂಗಸೊಬ್ಬಳು ಮಂದಿಯ ಮುಂದೆ ಇಷ್ಟು ನೆಮ್ಮದಿಯಾಗಿ ಉಣ್ಣುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಸ್ಟಾಫ್ ರೂಮಿನಲ್ಲಿ ಒಂದು ಬಿಸ್ಕೀಟನ್ನೂ ಮುಟ್ಟಿದವಳಲ್ಲ.

ಮೊದಲ ಸಲ ಹೋದದ್ದು ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು. “ನಿಂಬಿಹಣ್ಣು ಭಾಳ ತಿಂತೀಯೇನ್ ತಂಗಿ?” ಎಂದು ಕೇಳಿದರು. ಇಂಡಿಯ ಸುತ್ತ ಎಲ್ಲಿ ನೋಡಿದರೂ ನಿಂಬೆಯ ತೋಟ. ಇಲ್ಲಿ ಯಾರ ಹಲ್ಲು ಸವೆದರೂ ನಿಂಬೆಗೇ ಬೈಗುಳ. “ಹೌದ್ರಿ, ನಮ್ಮದ ತೋಟ ಅದ. ಮುಂಜಾನೆದ್ದು ಅದರ ನೀರ ಕುಡೀತೀನಿ” ಎಂದೆ. ಸುಳ್ಳೇನಲ್ಲ. ಕಡಿಮೆ ಮಾಡು ಎಂದು ಹೇಳಿ, ಹಚ್ಚಿಕೊಳ್ಳಲು ಔಷಧಿ ಕೊಟ್ಟು ಕಳಿಸಿದರು. ನಿಂಬೆಯ ತಲೆಗೆ ಎಲ್ಲ ಕಟ್ಟಿ ನಾನು ಹಗುರಾಗಿ ಮನೆಗೆ ಬಂದೆ.

ನಿಜ ಬೇರೆಯೇ ಇತ್ತು. ಎರಡು ವರ್ಷದಿಂದ ನಾನು ಉಪವಾಸ ಹಿಡಿದಿದ್ದೆ. ನಮ್ಮದು ವೈಷ್ಣವರ ಮನೆ. ಏಕಾದಶಿಯ ದಿನ ಯಾಕೆ ಉಣ್ಣಲಿಲ್ಲ ಎಂದು ಯಾರೂ ಕೇಳುವುದಿಲ್ಲ. ನಾನು ಅದಕ್ಕೆ ಸೋಮವಾರ ಸೇರಿಸಿದೆ, ಆಮೇಲೆ ಗುರುವಾರ, ಆಮೇಲೆ ಶನಿವಾರ. ಭಕ್ತಿಯೂ ಇಲ್ಲ, ಏನೂ ಇಲ್ಲ, ಸಣ್ಣಗಾಗಬೇಕು, ಅಷ್ಟೆ. ಹಸಿವು ತಡೆಯಲಾಗದ ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಸಿಕ್ಕಿದ್ದೆಲ್ಲ ತಿಂದು, ನಾಚಿಕೆ ತಾಳಲಾರದೆ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದೆ. ನನ್ನ ತಾಯಿ, ನಾವು ಆಯಿ ಅನ್ನುತ್ತೇವೆ, ಬಂದವರ ಮುಂದೆಲ್ಲ “ನಮ್ಮ ಹುಡುಗಿ ಭಾಳ ನೇಮದಾಕಿ” ಎಂದು ಹೆಮ್ಮೆ ಪಡುತ್ತಿದ್ದಳು. ಸ್ಟಾಫ್ ರೂಮಿನಲ್ಲಿ “ಹೆಂಗ ಇಳಿಸಿದ್ರಿ, ನಮಗೂ ಹೇಳ್ರಿ” ಎಂದು ಗಂಟುಬೀಳುತ್ತಿದ್ದರು. ತಲೆ ತಿರುಗುತ್ತದೆ ಎಂದು ಒಬ್ಬ ಡಾಕ್ಟರಿಗೆ ತೋರಿಸಿದರೆ, ಅವರೂ “ಚಲೋ ಆಗೇತಿ, ಇನ್ನಷ್ಟು ಇಳಸ್ರಿ” ಎಂದರು. ಸಾಯಲು ಹೊರಟವಳಿಗೆ ಊರೆಲ್ಲ ಶಭಾಸ್ ಎನ್ನುತ್ತಿತ್ತು. ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಎರಡು ವಾರ ಬಿಟ್ಟು ಅಕ್ಕಾರು ತಾವೇ ಫೋನು ಮಾಡಿದರು. “ನಾ ತಪ್ಪ ನೋಡೇನಿ ತಂಗಿ. ಸೋಮವಾರ ಬಾ.” ಹೋದೆ. ಸಣ್ಣ ಕನ್ನಡಿಯನ್ನು ನನ್ನ ಮೇಲಿನ ಹಲ್ಲುಗಳ ಹಿಂದೆ ಹಿಡಿದು ಬಹಳ ಹೊತ್ತು ನೋಡಿದರು.

“ನಿಂಬಿಹಣ್ಣು ಹೀರಿದ್ರ ಹಲ್ಲಿನ ಮುಂದಿನ ಮೈ ಸವೀತೈತಿ. ನಿನ್ನವು ಒಳಗಿಂದ ಸವದಾವ. ಬಸ್ಸಿನ್ಯಾಗ ಕುಂತಾಗ ಹೊಳೀತು ನನಗ. ಇದು ನಿಂಬಿಹಣ್ಣಿನ ತಪ್ಪಲ್ಲ. ವಾಂತಿ ಎಷ್ಟು ದಿನದಿಂದ ಮಾಡಾಕತ್ತಿ?”

ಮಾಡುತ್ತೀಯಾ ಎಂದು ಕೇಳಲಿಲ್ಲ, ಎಷ್ಟು ದಿನದಿಂದ ಎಂದು ಕೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನೀವು ಹಲ್ಲಷ್ಟ ನೋಡ್ರಿ!” ಎಂದು ಕೂಗಿ, ಕೊರಳಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು ಹೊರಗೆ ಬಂದೆ. ಬಾಗಿಲಲ್ಲಿ ಕಾಯುತ್ತಿದ್ದ ಅಜ್ಜನೊಬ್ಬ ನನ್ನ ಮುಖ ನೋಡಿ, ಹಲ್ಲು ಕೀಳಿಸುವ ಆಸೆ ಬಿಟ್ಟು ಎದ್ದು ಹೋದನಂತೆ. ಮುಂದೆ ಎಷ್ಟೋ ಸಲ ಅಕ್ಕಾರು ಅದನ್ನು ಹೇಳಿ ನಗುತ್ತಿದ್ದರು.

ಆ ಎರಡು ದಿನ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗಿದೆ. ಬುಧವಾರ ರಜೆ ಹಾಕಿ ಸಿಂದಗಿಗೆ ಹೋದೆ; ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಅಕ್ಕಾರು ಬೈಯುತ್ತಾರೆ ಎಂದುಕೊಂಡಿದ್ದೆ. “ವಾಂತಿ ಆದ ಕೂಡಲೇ ಬ್ರಷ್ ತಿಕ್ಕಬ್ಯಾಡ, ಇನ್ನೂ ಸವೀತಾವ. ಬರೇ ನೀರು ಮುಕ್ಕಳಿಸು” ಎಂದರು. ಮೊದಲ ಮಾತೇ ಅದು. ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹಲ್ಲುಜ್ಜುವ ಮಾತಿನಷ್ಟು ಸಾದಾ ಮಾಡಿಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಇದು ತಮ್ಮ ಕೈಯ ಕೆಲಸವಲ್ಲ ಎಂದು ಹೇಳಿ, ವಿಜಯಪುರದ ಒಬ್ಬ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಶುಕ್ರವಾರ ಹೋದೆ. ಅವರು ಚೀಟಿ ಓದಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕರು. “ಇದು ಒಣಕಲು ಹುಡುಗ್ಯಾರಿಗೆ ಬರೂ ಬ್ಯಾನಿ. ನಿಮಗೇನ್ರಿ? ಒಂದೀಟು ಊಟಾ ಬಿಟ್ರ ಚಲೋನ ಅಲ್ಲೇನು?” ಎಂದರು. ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು! ಕಾಯಿಲೆ ಬರುವಷ್ಟೂ ಸಣ್ಣಗಾಗಿಲ್ಲ ಎಂದಮೇಲೆ ಇನ್ನಷ್ಟು ಸಣ್ಣಗಾಗಬೇಕು ತಾನೇ? ಅಕ್ಕಾರಿಗೆ ಫೋನು ಹಚ್ಚಿ, ಗೆದ್ದವಳ ಹಾಗೆ ಎಲ್ಲ ಹೇಳಿದೆ. ಆ ಕಡೆ ಮುದ್ದೇಬಿಹಾಳದ ರಸ್ತೆಯ ಗದ್ದಲ ಕೇಳುತ್ತಿತ್ತು.

“ಅಲ್ಲೇ ಕೂಡು. ಬರ್ತೇನಿ” ಎಂದರು.

ಕಾಯುತ್ತಿದ್ದವರನ್ನೆಲ್ಲ ಎಬ್ಬಿಸಿ ಕಳಿಸಿ, ಕೋಣೆಗೆ ಬೀಗ ಹಾಕಿ, ಬಸ್ಸು ಹತ್ತಿ ಬಂದರು. ಬೆವರು ಸುರಿಯುತ್ತಿತ್ತು. ಡಾಕ್ಟರು ಕುರ್ಚಿ ತೋರಿಸಿದರೂ ಕೂರಲಿಲ್ಲ. “ಆಕಿ ಮೈ ನೋಡಬ್ಯಾಡ್ರಿ ಸರ್, ರಕ್ತಾ ನೋಡ್ರಿ. ಪೊಟ್ಯಾಶಿಯಂ ನೋಡ್ರಿ, ಇಸಿಜಿ ತಗೀರಿ. ನನ್ನ ಮಾತು ಸುಳ್ಳಾದ್ರ ಇನ್ನೊಮ್ಮೆ ನಿಮ್ಮ ಬಾಗಲಾ ತುಳಿಯಂಗಿಲ್ಲ.” ರಿಪೋರ್ಟು ಬಂದಾಗ ಆ ಡಾಕ್ಟರು ನಗಲಿಲ್ಲ. ವಾಂತಿಯಿಂದ ಪೊಟ್ಯಾಶಿಯಂ ಇಳಿದು ಎದೆಬಡಿತ ಯಾವಾಗ ಬೇಕಾದರೂ ನಿಲ್ಲಬಹುದಿತ್ತಂತೆ. ಅಂದೇ ಸಲೈನ್ ಹಚ್ಚಿ ನಾಲ್ಕು ದಿನ ಇಟ್ಟುಕೊಂಡರು.

ಆಯಿಗೆ ವಿಷಯ ತಿಳಿಸಿದವರೂ ಅಕ್ಕಾರೇ. ನನ್ನನ್ನು ಮನೆಗೆ ಕರೆತಂದ ದಿನ, ಉಪವಾಸ ಎಲ್ಲ ಬಂದ್ ಎಂದು ಅವರು ಹೇಳಿದಾಗ ಆಯಿಯ ಮುಖ ಸಪ್ಪಗಾಯಿತು. “ಏಕಾದಶೀನೂ ಬಿಡಬೇಕೇನ್ರಿ? ದೇವರು ಏನಂದಾನು?” ಎಂದಳು. “ದೇವರು ಇಕಿ ಹಲ್ಲು ನೋಡಿದ್ರ ಅವನೇ ಉಣ್ಣು ಅಂತಿದ್ದನ್ರಿ” ಎಂದರು ಅಕ್ಕಾರು. ಆಯಿ ದೇವರ ಕೋಣೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎದ್ದು, ನನಗೆ ಅನ್ನ ಮೊಸರು ಕಲಸಿ ತಂದಳು. ಅವತ್ತು ಏಕಾದಶಿಯೇ ಇತ್ತು.

ಅಕ್ಕಾರು ಹುಡುಕಿಕೊಟ್ಟ ಮನೋವೈದ್ಯರು ತೂಕದ ಯಂತ್ರವನ್ನು ಬದಿಗಿಟ್ಟು, ದಿನಕ್ಕೆ ಮೂರು ಹೊತ್ತಿನ ಊಟದಿಂದ ಶುರು ಮಾಡಿದರು. ಮೈ ಮೊದಲಿನಂತಾಯಿತು, ಸ್ವಲ್ಪ ಹೆಚ್ಚೇ ಆಯಿತು. ಅದನ್ನು ಸಹಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ತಿಂಗಳು ನೆಟ್ಟಗಿದ್ದು ಮತ್ತೆ ಜಾರುತ್ತಿದ್ದೆ. ಜಾರಿದ ವಾರ ಸೋಮವಾರದವರೆಗೆ ತಾಳ್ಮೆ ಎಲ್ಲಿಂದ ಬರಬೇಕು? ಅವರು ಯಾವ ಊರಲ್ಲಿದ್ದರೆ ಆ ಊರಿನ ಬಸ್ಸು ಹತ್ತುತ್ತಿದ್ದೆ. ನನ್ನ ತೂಕ ಎಷ್ಟು ಎಂದು ಅವರು ಒಂದು ದಿನವೂ ಕೇಳಲಿಲ್ಲ. “ದಪ್ಪ ಇದ್ರ ಇರು ತಂಗಿ. ಬದುಕಿರು” ಎಂದಿದ್ದರು ಒಮ್ಮೆ. ಬಾಯಿ ತುಂಬ ಹತ್ತಿ ತುರುಕಿದ್ದರಿಂದ ಜಗಳವಾಡಲು ನನಗೆ ಬರುವಂತಿರಲಿಲ್ಲ.

ಹೋದ ವರ್ಷ ಅಕ್ಕಾರು ಸಣ್ಣಗಾಗತೊಡಗಿದರು. ಜಂಪರಿನ ತೋಳು ಜೋಲುತ್ತಿತ್ತು, ಗದ್ದ ಎದ್ದು ಕಾಣುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಹೊಟ್ಟೆಕಿಚ್ಚಾಯಿತು. “ಅಕ್ಕಾರ, ಎಷ್ಟ ಸಣ್ಣ ಆಗೀರಿ! ಚಂದ ಕಾಣ್ಲಿಕ್ಕತ್ತೀರಿ” ಎಂದೆ. ಬೇರೆ ಯಾರೂ ಅಲ್ಲ, ನಾನು.

ಅವರು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. “ನೀನೂ ಅಂದಿ” ಎಂದರು. “ಮೂರು ತಿಂಗಳಿಂದ ನಾಕೂ ಊರಾಗ ಇದನ್ನ ಅನ್ನಾಕತ್ತಾರ. ಹಸಿವಿ ಸತ್ತಿತ್ತು. ನಾ ಏನ್ ಮಾಡಿದೆ ಗೊತ್ತೈತೇನು? ಖುಷಿಪಟ್ಟೆ. ಹಳೇ ಜಂಪರು ಮತ್ತ ಬರ್ತಾವ ಅಂತ ಟ್ರಂಕಿನ್ಯಾಗಿಂದ ತಗದಿಟ್ಟೆ. ನಿನಗ ಇಷ್ಟೆಲ್ಲಾ ಹೇಳಿದಾಕಿ! ಮೊನ್ನಿ ತೋರಿಸಿದ್ರ ಹೊಟ್ಟ್ಯಾಗ ಗಡ್ಡಿ ಐತಿ, ಮೊದಲ ಬರಬೇಕಿತ್ತು ಅಂದ್ರು.”

ಆಮೇಲೆ ಮತ್ತೆ ಕನ್ನಡಿ ಎತ್ತಿಕೊಂಡು “ಬಾಯಿ ತಗಿ” ಎಂದರು.

ಒಂದೊಂದೇ ಊರಿನ ಕೋಣೆ ಬಿಟ್ಟರು. ಕೊನೆಗೆ ನಾನು ಬಾಗೇವಾಡಿಯ ಮನೆಗೆ ಹೋದಾಗ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಒಂದು ಚಮಚ ನೀರೂ ಇಳಿಯುತ್ತಿರಲಿಲ್ಲ. ಅವರ ಯಜಮಾನರು ಗೋಧಿ ಹುಗ್ಗಿ ಮಾಡಿಟ್ಟಿದ್ದರು, ನಾನು ಬರುತ್ತೇನೆಂದು ಅಕ್ಕಾರೇ ಹೇಳಿ ಮಾಡಿಸಿದ್ದಂತೆ. “ಇಲ್ಲೇ ಕುಂತು ಉಣ್ಣು” ಎಂದರು.

“ನಿಮ್ಮ ಮುಂದ ಹೆಂಗ ಉಣ್ಣಲ್ರಿ?”

“ನನಗ ನುಂಗಾಕ ಬರವಲ್ದು. ನೀ ನುಂಗೂದರ ನೋಡ್ತೇನಿ.”

ಉಂಡೆ. ಒಂದೊಂದು ತುತ್ತನ್ನೂ ಅವರು ನೋಡಿದರು. ತಟ್ಟೆ ಬರಿದಾದಾಗ “ಇನ್ನೊಂದೀಟು ಹಾಕ್ರಿ ಆಕಿಗೆ” ಎಂದು ಯಜಮಾನರಿಗೆ ಹೇಳಿದರು. ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ತಟ್ಟೆ ಮುಂದೆ ಚಾಚಿದೆ.

ಅದಾದ ಆರನೆಯ ದಿನ ಅವರು ಹೋದರು. ನಾನು ಹೇಳಬೇಕಾದದ್ದು ಹುಗ್ಗಿ ಉಂಡ ಆ ಸಂಜೆಯದು. ಬಾಗೇವಾಡಿಯಿಂದ ಇಂಡಿಯವರೆಗೆ ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದೇ ಕೂತಿದ್ದೆ. ಹುಗ್ಗಿ ಎದೆಯವರೆಗೆ ಬಂದಂತೆ, ಮೈಯೆಲ್ಲ ಬಚ್ಚಲಿನ ಕಡೆಗೆ ಎಳೆದಂತೆ. ಮನೆಗೆ ಬಂದವಳು, ಒಳಗೆ ಹೋದರೆ ಬಚ್ಚಲಿಗೇ ಹೋದೇನೆಂದು, ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ಸುತ್ತತೊಡಗಿದೆ. ಎಷ್ಟು ಸುತ್ತಿದೆನೋ. ಆಯಿ ಹೊಸ್ತಿಲಲ್ಲಿ ನಿಂತು ನೋಡಿದಳು. ಇಷ್ಟು ವರ್ಷ ನಾನು ಸುಳ್ಳು ಹೇಳುತ್ತಲೇ ಬಂದ ಪ್ರಶ್ನೆಯನ್ನೇ, ಹೆದರಿ ಹೆದರಿ ಕೇಳಿದಳು.

“ಊಟ ಆತೇನವ್ವ?”

“ಆಗ್ಯದ” ಎಂದೆ. “ಅಕ್ಕಾರ ಮನ್ಯಾಗ. ಎರಡು ಸಲ ಹಾಕಿಸ್ಕೊಂಡೀನಿ.”